ಅಂಬಾಸಿಡರ್‌ಗೆ ಇಸುಜು ಇಂಜಿನ್: ಕ್ಲಚ್ ಪ್ಲೇಟ್ ಕೊಳ್ಳುವ ಮುಂಚೆ ಹಲ್ಲು ಎಣಿಸಿ

ನಮ್ಮಪ್ಪನ ಅಂಬಾಸಿಡರ್ 1978ರದ್ದು. ಹಾಸನದಿಂದ ಸುಬ್ರಹ್ಮಣ್ಯಕ್ಕೆ ಹೋಗುವಾಗ ಶಿರಾಡಿ ಘಾಟ್ ಸಲೀಸಾಗಿ ಇಳಿಯುತ್ತಿತ್ತು. ವಾಪಸ್ ಹತ್ತುವಾಗ ಅದರ 1489 ಸಿಸಿ ಇಂಜಿನ್‌ಗೆ ಏದುಸಿರು. ಕೊನೆಗೆ ಗುಜರಿಯಲ್ಲಿ ಸಿಕ್ಕ, ಅದೇ ಕಂಪನಿಯ ಕಾಂಟೆಸ್ಸಾ ಕಾರಿನ 1.8 ಲೀಟರ್ ಇಸುಜು ಪೆಟ್ರೋಲ್ ಇಂಜಿನ್ ಹಾಕಿಸಿದೆ. ಇದೇನು ನನ್ನ ಹೊಸ ಪ್ರಯೋಗವಲ್ಲ, 1990ರ ದಶಕದಲ್ಲಿ ಕಂಪನಿಯವರೇ (ಹಿಂದೂಸ್ತಾನ್ ಮೋಟಾರ್ಸ್) ಅಂಬಾಸಿಡರ್‌ಗೆ ಇಸುಜು ಇಂಜಿನ್ ಹಾಕಿ ಮಾರಿದ್ದರು. ಇಂಜಿನ್ ಎರಡು ದಿನದಲ್ಲಿ ಕೂತಿತು. ಕ್ಲಚ್ ಎರಡು ವಾರ ತಿಂದಿತು.

ತಪ್ಪು ನನ್ನದೇ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ 'ಕಾಂಟೆಸ್ಸಾ ಕ್ಲಚ್ ಪ್ಲೇಟ್ ಕೊಡಿ' ಅಂದೆ. ಕೊಟ್ಟರು. ಊರಿಗೆ ತಂದು ನೋಡಿದರೆ ಗೇರ್‌ಬಾಕ್ಸ್ ಶಾಫ್ಟ್ ಒಳಗೆ ಹೋಗಲೇ ಇಲ್ಲ. ಕಾಂಟೆಸ್ಸಾ ಮೊದಲು ಬಂದಿದ್ದು ಅಂಬಾಸಿಡರ್‌ನ ಹಳೇ 1.5 ಇಂಜಿನ್ನಿನಲ್ಲಿ, ಆಮೇಲೆ ಇಸುಜು. ನನಗೆ ಸಿಕ್ಕಿದ್ದು 1.5ರ ಪ್ಲೇಟ್. ಬರೀ ಗಾಡಿ ಹೆಸರು ಹೇಳಿದರೆ ಅಂಗಡಿಯವರಿಗೆ ಯಾವುದು ಅಂತ ಹೇಗೆ ಗೊತ್ತಾಗಬೇಕು?

ಇದು ಮದುವೆ ಮನೆಯ ಲೆಕ್ಕ. ಫ್ಲೈವೀಲ್ (ಇಂಜಿನ್ ಜೊತೆ ತಿರುಗುವ ಭಾರದ ಚಕ್ರ) ಇಂಜಿನ್ ಕಡೆಯದು, ಕ್ರ್ಯಾಂಕ್‌ನ, ಅಂದರೆ ಇಂಜಿನ್ ತಿರುಗಿಸುವ ದಂಡದ, ಬೋಲ್ಟ್ ತೂತಿಗೆ ಕೂರಬೇಕು. ಕ್ಲಚ್ ಪ್ಲೇಟನ್ನು ಫ್ಲೈವೀಲ್‌ಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಫ್ಲೈವೀಲ್ ಕಡೆಯದು. ಕ್ಲಚ್ ಪ್ಲೇಟ್‌ಗೆ ಮಾತ್ರ ಎರಡೂ ಕಡೆ ನೆಂಟಸ್ತನ: ಅದರ ಅಗಲ ಪ್ರೆಶರ್ ಪ್ಲೇಟ್‌ಗೆ ಹೊಂದಬೇಕು, ನಡುವಿನ ಹಲ್ಲು ಗೇರ್‌ಬಾಕ್ಸ್ ಶಾಫ್ಟ್‌ಗೆ ಕೂರಬೇಕು.

ಹಾಗಾಗಿ ಮೊದಲು ಶಾಫ್ಟ್ ಒರೆಸಿ, ಒಂದು ಹಲ್ಲಿಗೆ ಗುರುತು ಹಾಕಿ ಎಣಿಸಿ. ಸೀಮೆಸುಣ್ಣ ಗ್ರೀಸಿಗೆ ಅಳಿಸಿಹೋಗುತ್ತದೆ. ನಾನು ಹೆಂಡತಿಯ ನೇಲ್ ಪಾಲಿಶ್ ಹಚ್ಚಿದೆ (ಬೈಸಿಕೊಂಡೆ, ಅದು ಬೇರೆ). ವರ್ನಿಯರ್ ಹಿಡಿದು ಶಾಫ್ಟ್‌ನ ದಪ್ಪವನ್ನೂ ಬರೆದುಕೊಳ್ಳಿ. ಹಲ್ಲಿನ ಲೆಕ್ಕ ಒಂದೇ ಇದ್ದು ದಪ್ಪ ಬೇರೆ ಇರಬಹುದು. ಹಳೇ ಕ್ಲಚ್ ಪ್ಲೇಟ್ ಇದ್ದರೆ ಚೀಲದಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ.

ಗುಜರಿ ಫ್ಲೈವೀಲ್‌ನಲ್ಲಿ ನೀಲಿ ಕಲೆ ಕಂಡರೆ ಅದು ಬಿಸಿಯಾಗಿ ಬೆಂದಿದೆ ಅಂತ ಅರ್ಥ. ಲೇತ್‌ನಲ್ಲಿ ಮಟ್ಟ ಮಾಡಿಸಬಹುದು. ಬಿರುಕು ಆಳವಾಗಿದ್ದರೆ ಬೇಡವೇ ಬೇಡ. ಕೆಲವು ಫ್ಲೈವೀಲ್‌ಗಳಲ್ಲಿ ಪ್ಲೇಟ್ ಉಜ್ಜುವ ಜಾಗ ಒಂದು ಮಟ್ಟ, ಬೋಲ್ಟ್ ಕೂರುವ ಜಾಗ ಇನ್ನೊಂದು ಮಟ್ಟ. ಅಂಥದ್ದರಲ್ಲಿ ಎರಡೂ ಕಡೆ ಅಷ್ಟಷ್ಟೇ ತೆಗೆಸಬೇಕು. ಉಜ್ಜುವ ಜಾಗ ಮಾತ್ರ ತೆಗೆದರೆ ಪ್ಲೇಟ್ ಮೇಲೆ ಒತ್ತಡ ಕಮ್ಮಿಯಾಗಿ ಕ್ಲಚ್ ಜಾರುತ್ತದೆ. ಸುತ್ತಲಿನ ರಿಂಗ್ ಗೇರ್ ಹಲ್ಲು ನಿಮ್ಮ ಸ್ಟಾರ್ಟರ್‌ಗೆ ಸರಿಹೋಗುತ್ತದಾ ಅಂತಲೂ ನೋಡಿ.

ಫ್ಲೈವೀಲ್ ಕೆತ್ತಿಸಿ ಹಗುರ ಮಾಡಿದರೆ ಪಿಕಪ್ ಜಾಸ್ತಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ನಾನು ಕೇಳಲಿಲ್ಲ. ಏರಿನಲ್ಲಿ ಲಾರಿ ಹಿಂದೆ ನಿಂತು ಮತ್ತೆ ಎತ್ತುವಾಗ ಆ ತೂಕವೇ ಇಂಜಿನ್ ಆಫ್ ಆಗದ ಹಾಗೆ ಕಾಯುವುದು. ಬೀಡು ಕಬ್ಬಿಣವನ್ನು ಲೆಕ್ಕವಿಲ್ಲದೆ ಕೆತ್ತಿದರೆ ಓಡುವಾಗಲೇ ಒಡೆಯಬಹುದು, ಅಲ್ವಾ?

ಗೇರ್‌ಬಾಕ್ಸ್ ಬಿಚ್ಚಿರುವಾಗಲೇ ರಿಲೀಸ್ ಬೇರಿಂಗ್ (ಕ್ಲಚ್ ತುಳಿದಾಗ ಪ್ರೆಶರ್ ಪ್ಲೇಟ್ ಒತ್ತುವುದು), ಪೈಲಟ್ ಬೇರಿಂಗ್ (ಗೇರ್‌ಬಾಕ್ಸ್ ಶಾಫ್ಟ್‌ನ ತುದಿ ಹಿಡಿಯುವುದು), ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ ಮೂರೂ ಹೊಸದು ಹಾಕಿಸಿ. ಸೀಲ್ ಸೋರಿ ಹೊಸ ಪ್ಲೇಟ್ ಮೇಲೆ ಎಣ್ಣೆ ಬಿದ್ದರೆ ಮತ್ತೆ ಎಲ್ಲಾ ಬಿಚ್ಚಬೇಕು. ಪ್ಲೇಟ್‌ನಲ್ಲಿ ಫ್ಲೈವೀಲ್ ಕಡೆ ಯಾವುದು ಅಂತ ಬರೆದಿರುತ್ತದೆ, ಓದಿ ಹಾಕಿ. ಬೋಲ್ಟ್ ಬಿಗಿಯುವ ಮುಂಚೆ ಅದನ್ನು ಸರಿಯಾಗಿ ನಡುವಿಗೆ ತರಲು ಗುಜರಿಯ ಹಳೇ ಶಾಫ್ಟ್ ತುಂಡು ಸಾಕು.

ಆರ್‌ಟಿಓ ಅನುಮತಿ ಪಡೆದು ಹೊಸ ಇಂಜಿನ್ ನಂಬರ್ ಆರ್‌ಸಿಗೆ ಸೇರಿಸಿಕೊಳ್ಳುವುದನ್ನು ಮರೆಯಬೇಡಿ. ನನ್ನ ಆ ಮೊದಲ ಪ್ಲೇಟ್ ಇನ್ನೂ ಡಬ್ಬಿಯಲ್ಲೇ ಇದೆ, 1.5 ಇಂಜಿನ್ ಇರುವವರು ಯಾರಾದರೂ ಬಂದರೆ ಕೊಟ್ಟುಬಿಡುತ್ತೇನೆ. ಹಲ್ಲು ಎಣಿಸಿಕೊಂಡು ಬನ್ನಿ.