ತಾರಸಿ ಮೇಲೆ ಎಷ್ಟು ಭಾರ ಹೇರಬಹುದು? ಬಕೆಟ್ ಇಟ್ಟು ತೂಗಿ ನೋಡಿ

ಕಾಶ್ಮೀರದ ಕಡೆ ಮನೆ ಕಟ್ಟುವವರು ಮಾಡಿನ ಮೇಲೆ ಎಷ್ಟು ಹಿಮ ಕೂರಬಹುದು ಎಂದು ಮೊದಲೇ ಲೆಕ್ಕ ಹಾಕುತ್ತಾರೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದಲ್ಲಿ ಆ ಚಿಂತೆ ಇಲ್ಲ. ಆದರೆ ನಮ್ಮ ತಾರಸಿ ಖಾಲಿ ಇರುವುದಾದರೂ ಯಾವಾಗ? ಬಿಸಿಲು ಕಾಲದಲ್ಲಿ ಅಡಿಕೆ, ಮಳೆಗಾಲದಲ್ಲಿ ನೀರು, ವರ್ಷವಿಡೀ ಟ್ಯಾಂಕ್, ಈಗೀಗ ತರಕಾರಿ ಚೀಲ. ಹಿಮಕ್ಕೆ ಹಾಕುವ ಲೆಕ್ಕವೇ, ಅಂದರೆ ವಸ್ತುವಿನ ತೂಕವನ್ನು ರಾಶಿಯ ಎತ್ತರದಿಂದ ಗುಣಿಸುವುದು, ಇಲ್ಲಿಗೂ ಸಾಕು.

ಮೊದಲು ಮಿತಿ ತಿಳಿಯೋಣ. ಕಟ್ಟಡದ ಹೊರೆಗೆ ನಮ್ಮ ದೇಶದಲ್ಲಿ ಐಎಸ್ 875 ಎಂಬ ನಿಯಮವಿದೆ. ಹಿಮದ ವಿಷಯ ಅದರ ನಾಲ್ಕನೇ ಭಾಗದಲ್ಲಿದೆ. ನಮಗೆ ಬೇಕಾದದ್ದು ಎರಡನೇ ಭಾಗ. ಜನ ಹತ್ತಿ ಓಡಾಡುವ ಸಮತಟ್ಟು ತಾರಸಿಗೆ ಅದು ಹೇಳುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋ. ಅಂದರೆ ಚದರಡಿಗೆ 14 ಕಿಲೋ. ಸ್ಲ್ಯಾಬಿನ ಸ್ವಂತ ತೂಕ ಇದರಲ್ಲಿ ಸೇರಿಲ್ಲ. ಇಂಜಿನಿಯರ್ ಸ್ವಲ್ಪ ಜಾಸ್ತಿಯೇ ಗಟ್ಟಿ ಮಾಡಿರುತ್ತಾರೆ, ನಿಜ. ಅದು ಕಷ್ಟಕಾಲಕ್ಕೆ ಇಟ್ಟದ್ದು, ನಾವು ಗೋಣಿ ಪೇರಿಸಲಿಕ್ಕಲ್ಲ. ನಕ್ಷೆ ಇಲ್ಲದೆ ಕಟ್ಟಿದ ಹಳೆ ಮನೆಗೆ ಈ 14 ಕಿಲೋ ಕೂಡ ಖಾತ್ರಿ ಅಲ್ಲ.

ಇನ್ನು ತೂಗುವುದು. 10 ಲೀಟರಿನ ಬಕೆಟ್ ತೆಗೆದುಕೊಳ್ಳಿ. ತಾರಸಿಗೆ ಹಾಕುವ ವಸ್ತುವನ್ನು ಅದರ ತುಂಬ ತುಂಬಿ ತೂಗಿ, ಬಕೆಟಿನ ತೂಕ ಕಳೆಯಿರಿ. ಉಳಿದದ್ದನ್ನು 2.8ರಿಂದ ಗುಣಿಸಿ. ಒಂದು ಘನ ಅಡಿಯಲ್ಲಿ 28 ಲೀಟರ್ ಹಿಡಿಯುತ್ತದೆ, ಅದಕ್ಕೇ ಈ 2.8. ಬಂದದ್ದನ್ನು ರಾಶಿಯ ಎತ್ತರದಿಂದ, ಅಡಿಯಲ್ಲಿ, ಗುಣಿಸಿದರೆ ಚದರಡಿಯ ಹೊರೆ ಸಿಕ್ಕಿತು.

ಬಕೆಟ್ ಹಣ್ಣಡಿಕೆ 5 ಕಿಲೋ ತೂಗಿತು ಎನ್ನಿ. ಒಂದಡಿ ಎತ್ತರದ ರಾಶಿಗೆ 14 ಕಿಲೋ. ಅಲ್ಲಿಗೆ ಮಿತಿ ಮುಗಿಯಿತು! ಒಂದೇ ಪದರವಾಗಿ ಹರಡಿದ ಅಡಿಕೆಗೆ ಹೆದರಬೇಕಿಲ್ಲ. ಮೋಡ ಕಂಡ ಕೂಡಲೇ ಎಲ್ಲವನ್ನೂ ನಡುವಿಗೆ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚುತ್ತೇವಲ್ಲ, ಅದು ತಪ್ಪು ಜಾಗ. ಸ್ಲ್ಯಾಬ್ ಹೆಚ್ಚು ಬಾಗುವುದೇ ನಡುವಿನಲ್ಲಿ. ಕೆಳಗೆ ಗೋಡೆ ಇರುವ ಕಡೆ, ಉದ್ದಕ್ಕೆ, ತಗ್ಗಾಗಿ ಒಟ್ಟಿ.

ಹಸಿ ಮಣ್ಣಿನ ಬಕೆಟ್ ಸುಮಾರು 18 ಕಿಲೋ. ಅರ್ಧ ಅಡಿ ಮಣ್ಣು ಹಾಸಿದರೆ ಚದರಡಿಗೆ 25 ಕಿಲೋ ಆಯಿತು. ತರಕಾರಿ ಚೀಲಗಳನ್ನು ಒತ್ತಾಗಿ ಇಡಬೇಡಿ, ತೆಂಗಿನ ನಾರಿನ ಪುಡಿ ಧಾರಾಳ ಬೆರೆಸಿ. ತೂಗುವಾಗ ನೀರು ಹೊಯ್ದೇ ತೂಗಿ, ಒಣ ಮಣ್ಣಿನ ಲೆಕ್ಕ ಸುಮ್ನೆ ಸಮಾಧಾನಕ್ಕೆ ಅಷ್ಟೆ.

ನನಗೆ ಹೆಚ್ಚು ಭಯ ನೀರಿನದ್ದು. ಹೊಸದಾಗಿ ಬಿದ್ದ ಹಿಮ ಬಕೆಟಿಗೆ ಒಂದು ಕಿಲೋದಷ್ಟೇ. ನೀರು 10 ಕಿಲೋ. ಅರ್ಧ ಅಡಿ ನೀರು ನಿಂತರೆ ಚದರಡಿಗೆ 14 ಕಿಲೋ. ಅಷ್ಟು ನೀರು ಎಲ್ಲಿ ನಿಲ್ಲುತ್ತದೆ ಅನ್ನಬೇಡಿ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುವುದು 24 ಗಂಟೆಯಲ್ಲಿ 204 ಮಿಲಿಮೀಟರಿಗಿಂತ ಜಾಸ್ತಿ ಮಳೆಯ ಅಂದಾಜಿದ್ದಾಗ. ಅದು ಎಂಟು ಇಂಚು. ಸುತ್ತ ಎರಡಡಿ ಪ್ಯಾರಾಪೆಟ್ ಗೋಡೆ ಇದ್ದು, ಹಲಸಿನ ಎಲೆ ಪೈಪಿಗೆ ಸಿಕ್ಕಿಹಾಕಿಕೊಂಡರೆ ತಾರಸಿ ಕೆರೆಯೇ ಸರಿ, ಚದರಡಿಗೆ 19 ಕಿಲೋ. ಮೇ ತಿಂಗಳಲ್ಲೇ ಪೈಪಿನ ಬಾಯಿ ಬಿಡಿಸಿ. ಪ್ಯಾರಾಪೆಟ್ಟಿನ ಬುಡದಿಂದ ಎರಡಿಂಚು ಮೇಲೆ ಇನ್ನೊಂದು ತೂತು ಕೊರೆಸಿ. ಕೆಳಗಿನದು ಕಟ್ಟಿದರೆ ನೀರು ಅಲ್ಲಿಂದ ಹೋಗುತ್ತದೆ. ಖರ್ಚು ಏನೂ ಅಲ್ಲ.

1000 ಲೀಟರ್ ಟ್ಯಾಂಕಿನ ಬುಡ ಹತ್ತು ಚದರಡಿ ಎಂದಿಟ್ಟುಕೊಂಡರೂ ಚದರಡಿಗೆ 100 ಕಿಲೋ. ಇದಕ್ಕೆ ಬಕೆಟ್ ಲೆಕ್ಕ ಸಾಲದು. ಟ್ಯಾಂಕಿನ ಭಾರ ಗೋಡೆಗೋ ಬೀಮಿಗೋ ಇಳಿಯಬೇಕು, ಜಾಗವನ್ನು ಇಂಜಿನಿಯರೇ ತೋರಿಸಲಿ.

ತಾರಸಿ ಮೇಲೆ ಶೀಟು ಹಾಕಿಸುವವರಿಗೆ ಒಂದು ಮಾತು. ಶೀಟು ಹಗುರ, ಅದರ ತೂಕದಿಂದ ಸ್ಲ್ಯಾಬಿಗೆ ತೊಂದರೆ ಕಡಿಮೆ. ಅಲ್ಲಿ ಪ್ರಶ್ನೆ ಗಾಳಿಯದ್ದು. ಗಾಳಿ ಶೀಟನ್ನು ಒತ್ತುವುದಷ್ಟೇ ಅಲ್ಲ, ಮೇಲಕ್ಕೂ ಎಳೆಯುತ್ತದೆ. ಕಂಬದ ಬುಡದ ಬೋಲ್ಟು ಪ್ಯಾರಾಪೆಟ್ಟಿನ ಕೆಂಪುಕಲ್ಲಿನಲ್ಲಿ ನಿಂತಿದೆಯೋ, ಸ್ಲ್ಯಾಬಿನ ಕಾಂಕ್ರೀಟಿನಲ್ಲೋ ನೋಡಿ. ಕಲ್ಲಿನಲ್ಲಿದ್ದರೆ ಮಳೆಗೆ ಮೊದಲು ಬದಲಿಸಿ.