ಹಾಡಿನ ಪುಸ್ತಕ ಕೊಡುವುದಷ್ಟೇ ನನ್ನ ಕೆಲಸ

ನಮ್ಮದು ಬೆಂಗಳೂರಿನ ಒಂದು ಚಿಕ್ಕ ಕನ್ನಡ ಸಭೆ, ಅಂದರೆ ಚರ್ಚು, ಸಿ.ಎಸ್.ಐ.ಗೆ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದ್ದು. ಹಡ್ಸನ್ ವೃತ್ತದಲ್ಲಿ 1904ರಿಂದ ನಿಂತಿರುವ ಕಲ್ಲಿನ ಚರ್ಚಿನ ಹಾಗೆ ಜನ ನಿಂತು ನೋಡುವಂಥದ್ದಲ್ಲ. ಭಾನುವಾರ 8 ಗಂಟೆಗೆ ಆರಾಧನೆ. 7.15ಕ್ಕೆ ನಾನು ಬಾಗಿಲ ಬಳಿ ಹಾಡಿನ ಪುಸ್ತಕ ಜೋಡಿಸುತ್ತಿರುತ್ತೇನೆ. 9 ವರ್ಷದಿಂದ ಇದೊಂದೇ ಕೆಲಸ.

ಮೊದಲು ಹೀಗಿರಲಿಲ್ಲ. ಎಲ್ಲದಕ್ಕೂ ಕೈ ಎತ್ತುತ್ತಿದ್ದೆ. ಸಂಡೇ ಸ್ಕೂಲ್, ಕ್ವಾಯರ್, ಮೈಕ್ ಸೆಟ್, ಡಿಸೆಂಬರ್‌ನಲ್ಲಿ ರಾತ್ರಿ 1 ಗಂಟೆವರೆಗೆ ಕ್ರಿಸ್‌ಮಸ್ ಹಾಡು ಹೇಳುತ್ತಾ ಮನೆ ಮನೆ ಸುತ್ತುವ ಕ್ಯಾರಲ್ಸ್. "ಹಾಸಿಗೆನೂ ಅಲ್ಲೇ ಹಾಕ್ಕೊಳ್ಳಿ" ಎಂದು ಹೆಂಡತಿ ಹೇಳಿದ್ದಳು. ನನಗೆ ಅದು ಹೊಗಳಿಕೆಯಂತೆ ಕೇಳಿಸಿತ್ತು!

ಕೆಟ್ಟದ್ದು ಒಂದು ಸುಗ್ಗಿ ಹಬ್ಬದಲ್ಲಿ. ಜನ ಕಾಣಿಕೆಯಾಗಿ ತಂದ ತರಕಾರಿ, ಕೇಕು, ಕೋಳಿ ಎಲ್ಲ ಆರಾಧನೆಯ ನಂತರ ಹರಾಜಾಗುತ್ತದೆ. ಕೂಗಿದವರು ದುಡ್ಡು ಕಟ್ಟಿ, ಅದೇ ವಸ್ತುವನ್ನು ಮತ್ತೆ ಹರಾಜಿಗೆ ಬಿಡುವುದೂ ಉಂಟು. ಚೀಟಿ ಬರೆಯಲು, ದುಡ್ಡು ತೆಗೆದುಕೊಳ್ಳಲು ನಾನೊಬ್ಬನೇ. ಕೊನೆಗೆ 850 ರೂಪಾಯಿ ಕಡಿಮೆ ಬಂತು. ಕಮಿಟಿಯವರೊಬ್ಬರು ಎಲ್ಲರ ಮುಂದೆ "ಲೆಕ್ಕ ಗೊತ್ತಿಲ್ದೋರು ಯಾಕೆ ಕೂರ್ಬೇಕು" ಎಂದರು. ಆಮೇಲೆ ಗೊತ್ತಾಯಿತು, ಒಂದು ಕುಂಬಳಕಾಯಿಯನ್ನು 850ಕ್ಕೆ ಕೂಗಿದ್ದವರು "ತಿರುಗಿ ಕೊಟ್ಟೆನಲ್ಲ, ಇನ್ನೇನು ದುಡ್ಡು" ಎಂದುಕೊಂಡು ಮನೆಗೆ ಹೋಗಿದ್ದರು. ಅಷ್ಟರಲ್ಲಿ ನಾನು ಎಲ್ಲ ಕೆಲಸ ಬಿಟ್ಟಾಗಿತ್ತು.

7 ತಿಂಗಳು ಹಿಂದಿನ ಬೆಂಚಿನಲ್ಲಿ ಕೂತು, ಆಶೀರ್ವಾದ ಮುಗಿದ ತಕ್ಷಣ ಗಾಡಿ ತೆಗೆಯುತ್ತಿದ್ದೆ. ಒಂದು ದಿನ ಒಬ್ಬ ಅಜ್ಜಿ ತಡೆದರು. "ದೊಡ್ಡಕ್ಷರದ ಪುಸ್ತಕ ಎಲ್ಲಿಡ್ತಾರೋ ಸಿಗೋದೇ ಇಲ್ಲಪ್ಪಾ, ನೀನು ತೆಗೆದುಕೊಡ್ತಿದ್ದೆ" ಎಂದರು. ಸಮಾಧಾನವಿಲ್ಲ, ಉಪದೇಶವಿಲ್ಲ. ಮುಂದಿನ ಭಾನುವಾರ ಪುಸ್ತಕದ ಬೀರು ತೆಗೆದೆ. ಅಷ್ಟೇ ಮಾಡುತ್ತೇನೆ ಎಂದು ಅಯ್ಯನವರಿಗೂ, ಅಂದರೆ ನಮ್ಮ ಪಾದ್ರಿಗೂ, ಹೇಳಿಬಿಟ್ಟೆ.

"ಅಷ್ಟೇ" ಎಂಬ ಮಾತನ್ನು ಕಾಪಾಡುವುದೇ ಕಷ್ಟದ ಕೆಲಸ. ಕ್ಯಾರಲ್ಸ್‌ಗೆ ಕರೆದಾಗ ಬರುವುದಿಲ್ಲ ಎಂದರೆ ಎರಡು ವರ್ಷ ಮುಖ ಸಿಂಡರಿಸುತ್ತಾರೆ. ಮೂರನೇ ವರ್ಷ ಕೇಳುವುದಿಲ್ಲ. ಜೊತೆಗೆ ಕಾಲೇಜು ಹುಡುಗನೊಬ್ಬನನ್ನು ಹಾಕಿಕೊಂಡೆ, ಬೀರುವಿನ ಇನ್ನೊಂದು ಕೀ ಅವನ ಬಳಿ. ಮೇ ತಿಂಗಳು ಪೂರ್ತಿ ನನಗೆ ರಜೆ, ಊರಿಗೆ ಹೋಗುತ್ತೇನೆ. ಮೊದಲ ಸಲ ರಜೆ ಕೇಳಿದಾಗ ನಾಚಿಕೆಯಾಗಿತ್ತು. ಈಗ ಏಪ್ರಿಲ್‌ನಲ್ಲೇ ಹೇಳುತ್ತೇನೆ. ಹುಡುಗನಿಗೆ ಪರೀಕ್ಷೆ ಇದ್ದರೆ ಅವನಿಗೆ ರಜೆ.

ಇನ್ನೊಂದು ವಿಷಯ. ನಮ್ಮಲ್ಲಿ ಅಯ್ಯನವರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆಯಾಗುತ್ತದೆ. ಅವರ ಮೇಲಿನ ಪ್ರೀತಿಗೆ ಕೆಲಸ ಮಾಡುವವರು ಅವರ ಸಾಮಾನಿನ ಲಾರಿ ಹೊರಟ ದಿನವೇ ಮಾಯವಾಗುವುದನ್ನು ನೋಡಿದ್ದೇನೆ. ನಾನು ಇದುವರೆಗೆ ಮೂವರು ಅಯ್ಯನವರನ್ನು ಕಂಡೆ. ಬೀರು ಮಾತ್ರ ಅದೇ.

ಕೊರೊನಾ ಸಮಯದಲ್ಲಿ, 2020ರ ಮಾರ್ಚ್‌ನಲ್ಲಿ, ಬಾಗಿಲು ಮುಚ್ಚಿತು. ಮತ್ತೆ ತೆರೆದಾಗ ಒಬ್ಬರು ಮುಟ್ಟಿದ ಪುಸ್ತಕ ಇನ್ನೊಬ್ಬರಿಗೆ ಕೊಡುವ ಹಾಗಿರಲಿಲ್ಲ. ಕೆಲಸವೇ ಇಲ್ಲ! ಆದರೂ 7.15ಕ್ಕೆ ಹೋಗಿ ಸ್ಯಾನಿಟೈಸರ್ ಹಿಡಿದು ನಿಂತೆ. ಭಕ್ತಿ ಅಂತೇನಲ್ಲ, ಮನೆಯಲ್ಲಿದ್ದರೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ.

ಬೇಜಾರಾಗುವ ಭಾನುವಾರಗಳು ಈಗಲೂ ಇವೆ. ಜುಲೈನ ಜಿಟಿಜಿಟಿ ಮಳೆ, ಬೇಗ ಹೊರಡೋಣವೆಂದರೆ ಭಾನುವಾರ ಮೆಟ್ರೋ ಶುರುವಾಗುವುದೇ ತಡ. ಗಾಡಿಯಲ್ಲಿ ನೆನೆದುಕೊಂಡು ಹೋಗಿ ನೋಡಿದರೆ ಬಂದವರು ಇಪ್ಪತ್ತೇ ಜನ. ಅಂಥ ದಿನ ಹರಿದ ಪುಸ್ತಕಗಳಿಗೆ ಬೈಂಡು ಅಂಟಿಸುತ್ತೇನೆ.

ಈ ಸಲದ ಸುಗ್ಗಿ ಹಬ್ಬಕ್ಕೆ ಹರಾಜಿನ ಚೀಟಿ ಬರೆಯುತ್ತೀರಾ ಎಂದು ಕಮಿಟಿಯವರು ಮತ್ತೆ ಕೇಳಿದ್ದಾರೆ. ದುಡ್ಡು ತೆಗೆದುಕೊಳ್ಳಲು ಇನ್ನೊಬ್ಬರು ಕೂತರೆ ಬರೆಯುತ್ತೇನೆ ಎಂದಿದ್ದೇನೆ. ಇನ್ನೂ ಯಾರೂ ಒಪ್ಪಿಲ್ಲ.