ಒಂದೇ ಪದ ಹಿಡಿದು ವಿಭಕ್ತಿ ಕಲಿತೆ: ನನ್ನ ಅನುಭವ

"ಒಂದು ಪದ ಇಟ್ಕೊಂಡು ಸ್ಲಾವಿಕ್ ವಿಭಕ್ತಿ ಕಲಿಯೋಕಾಗುತ್ತಾ?" ಜೊತೆಗೆ ಕಲಿಯುತ್ತಿದ್ದವರೆಲ್ಲ ಹೀಗೇ ಕೇಳಿದ್ದರು. ಆಗುತ್ತೆ. ಪೋಲಿಷ್, ಸ್ಲೊವೇನಿಯಾದ ಸ್ಲೊವೀನ್ ಎಲ್ಲ ಸ್ಲಾವಿಕ್ ಬಳಗದ ಭಾಷೆಗಳು. ಈಗ ಸ್ಲೊವೀನ್‌ನಲ್ಲಿ ದಾರಿ ಕೇಳುವಾಗ ಪ್ರತ್ಯಯಕ್ಕಾಗಿ ತಡವರಿಸುವುದಿಲ್ಲ.

ಅದಕ್ಕೆ ಮುಂಚೆ ಆನ್‌ಲೈನ್ ಕ್ಲಾಸಿಗೆ ಹೆಚ್ಚುಕಡಿಮೆ 40 ಸಾವಿರ ಹೋಯಿತು. ವಿಭಕ್ತಿ ಪಟ್ಟಿ ಬಾಯಿಪಾಠ ಮಾಡಿಸಿದರು. ಪರೀಕ್ಷೆಯಲ್ಲಿ ಅಂಕ ಬಂತು, ಬಾಯಿಗೆ ಒಂದೂ ಬರಲಿಲ್ಲ. ಆಮೇಲೆ ಫ್ಲಾಶ್‌ಕಾರ್ಡ್ ಆಪ್‌ನ ಚಂದಾ, ಸುಮಾರು ಎರಡು ಸಾವಿರ. ಅದೂ ಅಷ್ಟೇ.

ಕೊನೆಗೆ ಹಿಡಿದದ್ದು 'ತೊರ್ಗ್'. ಸಂತೆ, ಪೇಟೆ ಅನ್ನುವ ಹಳೆಯ ಸ್ಲಾವಿಕ್ ಪದ. ವ್ಯಾಪಾರದ ದಾರಿಯಲ್ಲಿ ಸ್ಕ್ಯಾಂಡಿನೇವಿಯಾದ ಹಿಂದಿನ ಭಾಷೆ ಹಳೆ ನಾರ್ಸ್‌ಗೆ ಹೋಯಿತು. ಫಿನ್ಲೆಂಡಿನ ತುರ್ಕು ಊರಿನ ಹೆಸರೂ ಇದರದ್ದೇ. ಪೋಲಿಷ್‌ನಲ್ಲಿ ತಾರ್ಗ್, ಸ್ಲೊವೀನ್‌ನಲ್ಲಿ ತ್ರ್ಗ್, ಡೇನಿಷ್‌ನಲ್ಲಿ ತೊರ್ವ್. ಸ್ಲಾವಿಕ್‌ನಲ್ಲಿ ಪುಲ್ಲಿಂಗ, ಸ್ಕ್ಯಾಂಡಿನೇವಿಯಾದಲ್ಲಿ ನಪುಂಸಕ.

ಪಟ್ಟಿ ಬಿಟ್ಟು ಊರ ಮ್ಯಾಪ್ ತೆರೆದೆ. ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲ್ಯಾನಾದ ಚೌಕ ಪ್ರೆಶೆರ್ನೊವ್ ತ್ರ್ಗ್ ತಗೊಳ್ಳಿ. ಅಲ್ಲಿಗೆ ಹೋಗುವಾಗ 'ನಾ ಪ್ರೆಶೆರ್ನೊವ್ ತ್ರ್ಗ್', ಅಲ್ಲಿ ಇರುವಾಗ 'ನಾ ಪ್ರೆಶೆರ್ನೊವೆಮ್ ತ್ರ್ಗು', ಅಲ್ಲಿಂದ ಬರುವಾಗ 'ಸ್ ಪ್ರೆಶೆರ್ನೊವೆಗಾ ತ್ರ್ಗಾ'. ಪೇಟೆಗೆ, ಪೇಟೆಯಲ್ಲಿ, ಪೇಟೆಯಿಂದ ಅನ್ನುವ ನಮಗೆ ಇದು ಹೊಸದೇನಲ್ಲ, ಅಲ್ವಾ? ಪೋಲೆಂಡಿನ ನೋವಿ ತಾರ್ಗ್ ಊರಿನಲ್ಲಿ ಬೇರೆ ಆಟ. 'ದೊ ನೊವೆಗೊ ತಾರ್ಗು', 'ವ್ ನೋವಿಮ್ ತಾರ್ಗು'. ನಾಮಪದ ಎರಡರಲ್ಲೂ ಒಂದೇ, ವಿಶೇಷಣ ಮಾತ್ರ ಬದಲಾಗುತ್ತದೆ. ಅಲ್ಲಿ ಕಣ್ಣು ವಿಶೇಷಣದ ಮೇಲಿರಬೇಕು. ಇದನ್ನು ಯಾವ ಕ್ಲಾಸೂ ನನಗೆ ಹೇಳಿರಲಿಲ್ಲ.

ಸ್ವೀಡಿಷ್‌ನಲ್ಲಿ ಕೊನೆಯ 'ಗ' ಬಾಯಲ್ಲಿ 'ಯ' ಆಗುತ್ತದೆ. ಸ್ಟಾಕ್‌ಹೋಮಿನ ಹುಲ್ಲಿನ ಸಂತೆ ಹೊತೊರ್ಯೆಟ್. ಕೊನೆಯ 'ಎಟ್' ಅಂದರೆ ಇಂಗ್ಲಿಷಿನ 'the' ಇದ್ದಂತೆ. ಪಕ್ಕದ ಸೆರ್ಗೆಲ್ಸ್ ತೊರ್ಯ್‌ಗೆ ಆ 'ಎಟ್' ಇಲ್ಲ. ಮುಂದೆ ಯಜಮಾನನ ಹೆಸರು ಷಷ್ಠಿಯಲ್ಲಿ ಬಂದರೆ 'ಎಟ್' ಬೀಳುತ್ತದೆ. ಕೋಪನ್‌ಹೇಗನ್ನಿನ ಕಾಂಗೆನ್ಸ್ ನ್ಯುತೊರ್ವ್ ಕೂಡ ಇದೇ ಲೆಕ್ಕ.

ನಡುವೆ ಗಡಿ ಅನ್ನುವ ಸ್ಲಾವಿಕ್ ಪದ 'ಗ್ರಾನಿತ್ಸಾ' ಹಿಡಿದು ನೋಡಿದೆ. ಜರ್ಮನ್ ಮೂಲಕ ಸ್ವೀಡಿಷ್‌ನಲ್ಲಿ 'ಗ್ರೆನ್ಸ್' ಆದ ಪದ. ಕೆಲವು ವಾರ ಸುಮ್ನೆ ಹೋಯಿತು. ಊರ ಬೋರ್ಡುಗಳಲ್ಲಿ ಗಡಿ ಎಷ್ಟು ಸಲ ಸಿಗುತ್ತದೆ?

ಟ್ರಾಮ್ ಘೋಷಣೆ ಕೇಳುವುದರಲ್ಲಿ ಇನ್ನೊಂದು ಉಪಾಯ ಇದೆ. ಅದು ನನ್ನ ಹತ್ತಿರ ಪಾಠಕ್ಕೆ ಬರುವವರಿಗೆ ಮಾತ್ರ.

ಈಗ ಐಸ್‌ಲ್ಯಾಂಡಿಕ್ ಶುರುಮಾಡಿದ್ದೇನೆ. ರೇಕ್ಯವಿಕ್‌ನ ಲೈಕ್ಯರ್‌ತೊರ್ಗ್‌ಗೆ ಹೋಗುವಾಗ 'ಆ ಲೈಕ್ಯರ್‌ತೊರ್ಗ್', ಅಲ್ಲಿರುವಾಗ 'ಆ ಲೈಕ್ಯರ್‌ತೊರ್ಗಿ'. ಸ್ಲೊವೀನ್‌ನ 'ನಾ' ಮಾಡಿದ್ದನ್ನೇ ಇಲ್ಲಿ 'ಆ' ಮಾಡುತ್ತಿದೆ.